ಗಿರಣಿ ಸದ್ದಿನ ನಡುವೆ ಒಂದು ಗಿಟಾರು

ಶ್ರೀರಾಮನಗರದಲ್ಲಿ ಹಾಡಿಗೇನೂ ಬರವಿಲ್ಲ. ಸುಗ್ಗಿ ಕಾಲದಾಗ ಬಂದು ನಿಂತು ಕೇಳ್ರಿ. ಭತ್ತ ಹೇರಿಕೊಂಡು ಹೊರಟ ಟ್ರ್ಯಾಕ್ಟರಿನಲ್ಲಿ ಒಂದು ತೆಲುಗು ಹಾಡು, ಚಹಾದಂಗಡಿಯಲ್ಲಿ ಒಂದು ಹಿಂದಿ ಹಾಡು, ಸಂಜೆಯಾದರೆ ಎಲ್ಲಿಂದಲೋ ಭಜನೆಯ ತಾಳ. ಇವೆಲ್ಲದರ ಹಿನ್ನೆಲೆಗೆ ರೈಸ್ ಮಿಲ್ಲಿನ ಧಡಧಡ ಸದ್ದು. ತುಂಗಭದ್ರೆಗೆ ಆಣೆಕಟ್ಟು ಕಟ್ಟಿ 1953ರಲ್ಲಿ ನೀರು ನಿಲ್ಲಿಸಿದ ಮೇಲೆ, ಎಡದಂಡೆ ಕಾಲುವೆಯ ಬೆನ್ನು ಹಿಡಿದು ಆಂಧ್ರದ ಕಡೆಯಿಂದ ಬಂದ ರೈತರು ಕ್ಯಾಂಪು ಕಟ್ಟಿಕೊಂಡು ಭತ್ತ ಬೆಳೆದ ನೆಲವಿದು. ಮನೆಯೊಳಗೆ ತೆಲುಗು, ಶಾಲೆಯೊಳಗೆ ಕನ್ನಡ, ಟಾಕೀಸಿನೊಳಗೆ ಸಿಕ್ಕಿದ್ದು!

ಈಚೆಗೆ ಈ ಸದ್ದುಗಳ ಜೊತೆ ಇನ್ನೊಂದು ತರಹದ ಹಾಡು ಸೇರಿಕೊಂಡಿದೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹುಡುಗರು ತಾವೇ ಬರೆದು, ತಾವೇ ದಾಟಿ ಕಟ್ಟಿ, ತಾವೇ ಹಾಡಿ ಮೊಬೈಲಿಗೆ ಬಿಡುವ ಹಾಡು. ಒಂದಿಷ್ಟು ಜಾನಪದದ ದಾಟಿ, ಒಂದಿಷ್ಟು ಡಿಜೆ ಹೊಡೆತ, ಒಬ್ಬ ಡ್ರೈವರ, ಒಬ್ಬಾಕಿ ಗೆಳತಿ, ಒಂದು ಮುನಿಸು. ಹೆಚ್ಚಿನವು ಒಂದು ಹಬ್ಬದಿಂದ ಇನ್ನೊಂದು ಹಬ್ಬದ ತನಕ ಬಾಳುವುದಿಲ್ಲ, ನಿಜ. ಆದರೆ ಹಾಡು ಕಟ್ಟುವ ಹುಡುಗನಿಗೆ ಮನೆಯಲ್ಲಿ ಬೀಳುವ ಪೆಟ್ಟು ಮಾತ್ರ ಎಲ್ಲ ಕಡೆಗೂ ಒಂದೇ: "ಹಾಡಿದ್ರ ಹೊಟ್ಟಿ ತುಂಬ್ತೈತೇನಲೇ?"

ಅಪ್ಪನ ಈ ಪ್ರಶ್ನೆಗೆ ಕನ್ನಡನಾಡಿನಲ್ಲಿ ಒಬ್ಬ ಹುಡುಗ ಉತ್ತರ ಹುಡುಕಿದ ಬಗೆ ಹೇಳಬೇಕು. ಈಗ ಆತ ಹುಡುಗನಲ್ಲ, ಐವತ್ತು ದಾಟಿದವರು. ರಘು ದೀಕ್ಷಿತ್ ಎಂದರೆ ಎಲ್ಲರಿಗೂ ಗೊತ್ತು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಕೊರಳಲ್ಲಿ ಗಿಟಾರು. ಆದರೆ ಆ ಗಿಟಾರು ಅವರ ಕೊರಳಿಗೆ ಬಂದದ್ದು ಹೇಗೆ ಎಂಬುದು ನಮ್ಮ ಹುಡುಗರಲ್ಲಿ ಎಷ್ಟು ಜನಕ್ಕೆ ಗೊತ್ತು?

ಹುಟ್ಟಿದ್ದು 1974ರ ನವೆಂಬರ್ 11, ಮಹಾರಾಷ್ಟ್ರದ ನಾಸಿಕದಲ್ಲಿ. ಬೆಳೆದದ್ದು ಮೈಸೂರಿನಲ್ಲಿ. ಮನೆತನ ತಮಿಳಿನದು. ಮನೆಯ ಮಾತು ಒಂದು, ಬೀದಿಯ ಮಾತು ಇನ್ನೊಂದು ಎಂಬ ಸ್ಥಿತಿ ಶ್ರೀರಾಮನಗರದವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಸಂಪ್ರದಾಯಸ್ಥರ ಮನೆ. ಹುಡುಗ ಚಿಕ್ಕಂದಿನಿಂದ ಭರತನಾಟ್ಯ ಕಲಿತ, ಅದರಲ್ಲಿ ವಿದ್ವತ್ ಮಟ್ಟದವರೆಗೂ ಹೋದ. ಓದಿನಲ್ಲಿ ಮೈಕ್ರೋಬಯಾಲಜಿ, ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ. ಯಾವ ಅಪ್ಪನಿಗೆ ಬೇಡ ಇಂಥ ಮಗ?

ಕಾಲೇಜಿನಲ್ಲಿ ಒಬ್ಬ ಸಹಪಾಠಿ ಕೆಣಕಿದ. ಗಂಡಸಾಗಿ ಗೆಜ್ಜೆ ಕಟ್ಟಿ ಕುಣಿಯುತ್ತೀಯಲ್ಲ ಎಂದು ಗೇಲಿ. ಆ ಗೆಳೆಯನಿಗೆ ಗಿಟಾರು ಬರುತ್ತಿತ್ತು. ನಾನೂ ಕಲಿತು ತೋರಿಸುತ್ತೇನೆ ಎಂದು ಹುಡುಗ ಪಂಥ ಕಟ್ಟಿದ. ಆಗ ವಯಸ್ಸು ಸುಮಾರು ಹತ್ತೊಂಬತ್ತು. ಸಂಗೀತಕ್ಕೆ ಇದು ಲೇಟೇ ಎನ್ನಬೇಕು. ಮನೆಯಲ್ಲಿ ಗಿಟಾರಿನ ಹೆಸರು ಎತ್ತುವಂತಿಲ್ಲ. ಪಾದ್ರಿಗಳಾಗಲು ಓದುವವರ ಸೆಮಿನರಿಗೆ ಹೋಗಿ, ಅಲ್ಲಿನ ಹುಡುಗರ ಹತ್ತಿರ ಕದ್ದು ಕಲಿತದ್ದು. ಬ್ರಾಹ್ಮಣರ ಹುಡುಗನಿಗೆ ಕ್ರೈಸ್ತರ ಮಠದಲ್ಲಿ ಪಾಠ! ಪಂಥ ಗೆದ್ದ. ಕೆಣಕಿದ ಗೆಳೆಯ ಎಲ್ಲಿ ಹೋದನೋ, ಗಿಟಾರು ಮಾತ್ರ ಕೈಬಿಟ್ಟು ಹೋಗಲಿಲ್ಲ.

ಓದು ಮುಗಿದ ಮೇಲೆ ಔಷಧಿ ಕಂಪನಿಯ ಕೆಲಸ. ಕೆಲಸದ ಮೇಲೆ ಬೆಲ್ಜಿಯಂ ದೇಶಕ್ಕೆ ಪಯಣ. ಅಲ್ಲಿ ಬಿಡುವಿನ ವೇಳೆಯಲ್ಲಿ ಹಾಡಿಕೊಂಡಿದ್ದನ್ನು ಅಲ್ಲಿನ ರೇಡಿಯೋದಲ್ಲಿ ಹಾಕಿದರು. ಭಾಷೆ ತಿಳಿಯದ ಜನ ಮೆಚ್ಚಿಕೊಂಡರು. ಪರದೇಶದ ಸಂಬಳದ ನೌಕರಿ ಬಿಟ್ಟು ಹುಡುಗ ಬೆಂಗಳೂರಿಗೆ ವಾಪಸು ಬಂದ. ಇಲ್ಲಿ ಓದುಗರು ಸ್ವಲ್ಪ ನಿಲ್ಲಬೇಕು. ನಮ್ಮ ಕಡೆ ಒಬ್ಬ ಹುಡುಗ ಬೆಂಗಳೂರಿನ ಸೆಕ್ಯೂರಿಟಿ ಗಾರ್ಡ್ ಕೆಲಸ ಬಿಟ್ಟು ಬಂದರೂ ಊರ ಕಟ್ಟೆಯ ಮೇಲೆ ವಾರಗಟ್ಟಲೆ ಪಂಚಾಯ್ತಿ ನಡೀತದ. ಎಂ.ಎಸ್ಸಿ. ಚಿನ್ನದ ಪದಕದವ ಹಾಡಾಕ ಅಂತ ಬೆಲ್ಜಿಯಂ ಬಿಟ್ಟು ಬಂದ ಅಂದ್ರ ಏನನ್ನಬೇಕು?

ಬಂದಕೂಡಲೇ ಹೂವಿನ ಹಾರ ಯಾರೂ ಹಿಡಿದುಕೊಂಡು ನಿಂತಿರಲಿಲ್ಲ. ತೊಂಬತ್ತರ ದಶಕದ ಕೊನೆಗೆ 'ಅಂತರಾಗ್ನಿ' ಎಂಬ ತಂಡ ಕಟ್ಟಿದರು. ತಂಡದವರು ಬಂದರು, ಹೋದರು. ಕೊನೆಗೆ ತಂಡವೇ ಚದುರಿತು. ಆಮೇಲೆ 'ರಘು ದೀಕ್ಷಿತ್ ಪ್ರಾಜೆಕ್ಟ್' ಎಂದು ಹೆಸರಿಟ್ಟುಕೊಂಡು, ಯಾರು ಬೇಕಾದರೂ ಬಂದು ನುಡಿಸಿ ಹೋಗಬಹುದು ಎಂಬಂಥ ಏರ್ಪಾಟು ಮಾಡಿಕೊಂಡರು. ಹಾಡಿನ ಕಂಪನಿಗಳ ಬಾಗಿಲು ತಟ್ಟಿದ್ದು ವರ್ಷಗಟ್ಟಲೆ. ಕನ್ನಡವೂ ಇದೆ, ಹಿಂದಿಯೂ ಇದೆ, ಇಂಗ್ಲಿಷೂ ಇದೆ, ಇದನ್ನು ಯಾವ ಡಬ್ಬಿಗೆ ಹಾಕಿ ಮಾರೋಣ ಎಂಬುದೇ ಕಂಪನಿಗಳಿಗೆ ತಲೆನೋವು. ಕೊನೆಗೆ ಮುಂಬೈಯ ಒಂದು ಕಾರ್ಯಕ್ರಮದಲ್ಲಿ ಹಿಂದಿ ಚಿತ್ರರಂಗದ ಸಂಗೀತ ಜೋಡಿ ವಿಶಾಲ್-ಶೇಖರ್ ಕೇಳಿದರು. ತಮ್ಮದೇ ಹೊಸ ಸಂಸ್ಥೆಯಿಂದ 2008ರಲ್ಲಿ ಮೊದಲ ಆಲ್ಬಂ ಹೊರತಂದರು. ಬೆಲ್ಜಿಯಂ ಬಿಟ್ಟು ಬಂದ ಹುಡುಗನಿಗೆ ಆಗ ಮೂವತ್ಮೂರು ವರ್ಷ ದಾಟಿತ್ತು. ಅದೇ ವರ್ಷ 'ಸೈಕೋ' ಎಂಬ ಕನ್ನಡ ಚಿತ್ರಕ್ಕೆ ಸಂಗೀತ. ಮಹದೇಶ್ವರನ ಹೆಸರು ಹಿಡಿದು ಕೂಗುವ ಅದರ ಹಾಡು ಆಟೋದಿಂದ ಆರ್ಕೆಸ್ಟ್ರಾದವರೆಗೆ ಹಬ್ಬಿದ್ದು ಎಲ್ಲರ ನೆನಪಿನಲ್ಲಿದೆ.

2010ರಲ್ಲಿ ಇಂಗ್ಲೆಂಡಿನ ಬಿ.ಬಿ.ಸಿ. ಟೆಲಿವಿಷನ್ನಿನಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಸಂಗೀತ ಕಾರ್ಯಕ್ರಮಕ್ಕೆ ಕರೆ ಬಂತು. 2011ರಲ್ಲಿ ಗ್ಲಾಸ್ಟನ್‌ಬರಿ ಎಂಬ ದೊಡ್ಡ ಬಯಲು ಜಾತ್ರೆ. ಅದೇ ವರ್ಷ ಅಲ್ಲಿನ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸಬರ ಪ್ರಶಸ್ತಿ. ಗ್ಲಾಸ್ಟನ್‌ಬರಿ ಎಂದರೆ ನಮ್ಮ ಗವಿಮಠದ ಜಾತ್ರೆಯಷ್ಟು ಜನ ಎಂದುಕೊಳ್ಳಿ. ತೇರು ಇಲ್ಲ, ಮಿರ್ಚಿ-ಭಜಿ ಇಲ್ಲ, ಕೆಸರು ಮಾತ್ರ ಬೇಕಾದಷ್ಟು.

ಇಷ್ಟು ಹೇಳಿ ಮುಗಿಸಿದರೆ ಇದು ಹೊಗಳು ಭಟ್ಟಂಗಿ ಲೇಖನವಾದೀತು. ನಮಗೆ ಬೇಕಾದ ವಿಷಯ ಬೇರೆ ಇದೆ. ಆ ಬಿಳಿಯರ ಮುಂದೆ, ಆ ಕೆಸರಿನ ಬಯಲಿನಲ್ಲಿ ರಘು ದೀಕ್ಷಿತ್ ಹಾಡಿದ್ದು ಯಾರ ಹಾಡು? ತಮ್ಮ ಸ್ವಂತದ್ದು ಇದ್ದವು, ಇಲ್ಲವೆಂದಲ್ಲ. ಆದರೆ ಅವರ ಕನ್ನಡಕ್ಕೆ ಬಲ ತಂದುಕೊಟ್ಟದ್ದು ನಮ್ಮ ಪಕ್ಕದವನೇ ಆದ ಶಿಶುನಾಳ ಷರೀಫಜ್ಜ. ಗುಡಗುಡಿಯ ಹಾಡು, ಸೋರುವ ಮನೆಯ ಮಾಳಿಗೆಯ ಹಾಡು ಎರಡೂ ಅವರ ಮೊದಲ ಆಲ್ಬಮ್ಮಿನಲ್ಲಿವೆ. ಗಿಟಾರಿನ ಹೊಡೆತ ಹೊಸದು, ಮಾತು ನೂರಕ್ಕೂ ಹೆಚ್ಚು ವರ್ಷ ಹಳೆಯದು.

ಷರೀಫಜ್ಜನೂ ಒಂದು ಕಾಲಕ್ಕೆ ಹುಡುಗನೇ ಆಗಿದ್ದ ಎಂಬುದನ್ನು ನಾವು ಮರೆಯುತ್ತೇವೆ. ಚಿತ್ರದಲ್ಲಿ ಕಾಣುವ ಗಡ್ಡ, ಮುಂಡಾಸು ಹುಟ್ಟಿನಿಂದಲೇ ಬಂದದ್ದಲ್ಲ. ಹುಟ್ಟಿದ್ದು 1819ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಶಿಶುನಾಳದಲ್ಲಿ. ತೀರಿಕೊಂಡದ್ದು 1889ರಲ್ಲಿ. ಮುಲ್ಕಿ ಪರೀಕ್ಷೆ ಪಾಸು ಮಾಡಿ ಕನ್ನಡ ಶಾಲೆಗೆ ಮಾಸ್ತರನಾದ. ಸರಕಾರಿ ಪಗಾರದ ನೌಕರಿ! ಅದನ್ನು ಬಿಟ್ಟು ಕಳಸದ ಗೋವಿಂದಭಟ್ಟರ ಬೆನ್ನು ಹತ್ತಿ ಹೋದ. ಮುಸಲ್ಮಾನರ ಹುಡುಗ, ಬ್ರಾಹ್ಮಣ ಗುರು. ಎರಡೂ ಕಡೆಯವರು ಬೈದರು. ರಘು ದೀಕ್ಷಿತ್ ಸೆಮಿನರಿಯಲ್ಲಿ ಗಿಟಾರು ಕಲಿತ ಕತೆಗೂ ಇದಕ್ಕೂ ಸುಮಾರು ನೂರೈವತ್ತು ವರ್ಷದ ಅಂತರ.

ಷರೀಫಜ್ಜ ಹಾಡು ಕಟ್ಟುತ್ತಿದ್ದುದು ಕಣ್ಣಿಗೆ ಬಿದ್ದದ್ದರ ಮೇಲೆ. ತಂಬೂರಿ, ಮುದುಕಿ, ಕೋಳಿ, ಗುಡಗುಡಿ, ಮಳೆಗೆ ಸೋರುವ ಮಾಳಿಗೆ. ಆ ಕಾಲಕ್ಕೆ ಹೊಸದಾಗಿ ಬಂದ ಗಿರಣಿಯನ್ನು ಕಂಡು ಅದರ ಮೇಲೂ ಹಾಡು ಕಟ್ಟಿದ್ದಾನೆ. ಶ್ರೀರಾಮನಗರದಲ್ಲಿ ಗಿರಣಿಗೆ ಏನು ಕಡಿಮೆ? ನಮ್ಮ ಹುಡುಗರಲ್ಲಿ ಒಬ್ಬನಾದರೂ ಅದರ ಮೇಲೆ ಹಾಡು ಕಟ್ಟಿದ್ದು ನಮ್ಮ ಕಿವಿಗೆ ಬಿದ್ದಿಲ್ಲ. ಹಮಾಲಿಯ ಬೆನ್ನು, ಹೊಟ್ಟಿನ ಧೂಳು, ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪದ ಜಗಳ, ನಾಟಿಗೆ ಬಂದ ಹೆಂಗಸರ ಕೈ. ಇವೆಲ್ಲ ಹಾಡಾಗದೆ ಬಿದ್ದಿವೆ. ಎಲ್ಲರೂ ಡ್ರೈವರನ ಗೆಳತಿಯ ಹಿಂದೆ ಓಡಿದರೆ ಹೇಗ್ರಪ್ಪಾ?

ರಘು ದೀಕ್ಷಿತರ ಬಗ್ಗೆ ನಮ್ಮ ತಕರಾರೂ ಒಂದು ಇದೆ. ಷರೀಫನನ್ನು ಅಷ್ಟು ಚೆಂದ ಹಾಡಿದವರು ತಮ್ಮದೇ ಕನ್ನಡ ಪದ ಕಟ್ಟಿದ್ದು ಕಡಿಮೆ. ಎರಡನೆಯ ಆಲ್ಬಂ 'ಜಗ್ ಚಂಗಾ' 2013ರಲ್ಲಿ ಬಂತು, ಹೆಸರೇ ಕನ್ನಡದ್ದಲ್ಲ. ದೊಡ್ಡ ಮಾರುಕಟ್ಟೆಗೆ ಹೋಗುವವನಿಗೆ ಹಿಂದಿಯ ದಾರಿ ಹಿಡಿಯದೆ ಗತಿಯಿಲ್ಲ ಎನ್ನಬಹುದು, ಒಪ್ಪೋಣ. ಆದರೂ ಅವರ ಕಾರ್ಯಕ್ರಮದಲ್ಲಿ ಜನ ಎದ್ದು ಕುಣಿಯುವುದು ಶಿಶುನಾಳದ ಹಾಡಿಗೇ ಎಂಬುದು ಕಣ್ಣಿಗೆ ಕಾಣುವ ಸಂಗತಿ.

ಟಿ.ವಿ. ಪರದೆಯ ದಾರಿ ಇನ್ನೊಂದು. ಹಾವೇರಿ ಜಿಲ್ಲೆ ಸವಣೂರು ತಾಲೂಕಿನ ಚಿಲ್ಲೂರು ಬಡ್ನಿಯ ಕುರಿ ಕಾಯುವ ಹುಡುಗ ಹನುಮಂತ 'ಸರಿಗಮಪ' ಸ್ಪರ್ಧೆಯಲ್ಲಿ ಹಾಡಿ ಮನೆಮಾತಾದ. 2025ರ ಜನವರಿಯಲ್ಲಿ 'ಬಿಗ್ ಬಾಸ್' ಗೆದ್ದು 50 ಲಕ್ಷ ರೂಪಾಯಿ ಬಹುಮಾನ ಪಡೆದ. ಬಡವರ ಮನೆಯ ಹುಡುಗ ಮೇಲೆ ಬಂದದ್ದಕ್ಕೆ ನಮಗೂ ಸಂತೋಷವೇ. ಆದರೆ ಸ್ಪರ್ಧೆಯ ವೇದಿಕೆಯಲ್ಲಿ ಸಾಮಾನ್ಯವಾಗಿ ಇನ್ನೊಬ್ಬರು ಬರೆದದ್ದನ್ನು ಹಾಡಬೇಕು. ಹಾಡು ಕಟ್ಟುವವನಿಗೆ ಆ ದಾರಿ ಅರ್ಧ ಮಾತ್ರ.

ಹಾಗಾದರೆ ಹೊಟ್ಟೆಯ ಪ್ರಶ್ನೆ? ಅದಕ್ಕೆ ಬರೋಣ.

ನಮ್ಮ ಕಡೆ ನಡೆಯುವ ವ್ಯವಹಾರ ಹೀಗೆ. ಹುಡುಗ ಹಾಡು ಬರೆಯುತ್ತಾನೆ. ಸ್ಟುಡಿಯೋ ಖರ್ಚು ಯಾರೋ ಒಬ್ಬರು ಕೊಡುತ್ತಾರೆ. ಹಾಡು ಅವರ ಯೂಟ್ಯೂಬ್ ಚಾನೆಲ್ಲಿಗೆ ಏರುತ್ತದೆ. ಕೈಗೆ ಒಂದಿಷ್ಟು ದುಡ್ಡು, ಕೆಲವು ಸಲ ಅದೂ ಇಲ್ಲ, ಬರೇ ಹೆಸರು. ಹಾಡು ಲಕ್ಷ ಜನ ನೋಡಿದರೂ ಬರುವ ಹಣವೆಲ್ಲ ಚಾನೆಲ್ಲಿನ ಒಡೆಯನಿಗೆ. "ಹಾಡು ನಿಂದೇ ಅಂತ ಏನೈತಿ?" ಅಂತ ಕೇಳಿದ್ರ ಹುಡುಗನ ಬಾಯಿ ಬಂದ್.

ಇದೆ ಸ್ವಾಮಿ, ಕಾಯಿದೆ ಇದೆ. 1957ರ ಕೃತಿಸ್ವಾಮ್ಯ ಕಾಯಿದೆ, ಜನ ಕಾಪಿರೈಟ್ ಎನ್ನುತ್ತಾರಲ್ಲ, ಅದೇ. ಹಾಡಿನ ಮಾತು ಬರೆದವನಿಗೆ ಒಂದು ಹಕ್ಕು, ದಾಟಿ ಕಟ್ಟಿದವನಿಗೆ ಒಂದು ಹಕ್ಕು, ಹಾಡಿದವನಿಗೆ ಮತ್ತೊಂದು. ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೆ ಬರೆದ ದಿನಾಂಕಕ್ಕೆ ಏನಾದರೂ ದಾಖಲೆ ಇಟ್ಟುಕೊಂಡವನಿಗೆ ಮುಂದೆ ಜಗಳದಲ್ಲಿ ಅನುಕೂಲ. ಹಕ್ಕನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕಾದರೆ ಲಿಖಿತದಲ್ಲಿ, ಸಹಿ ಹಾಕಿಯೇ ಕೊಡಬೇಕು. ಚಹಾದಂಗಡಿಯಲ್ಲಿ ಬಾಯಿಮಾತಿಗೆ "ತಗೋರಿ" ಅಂದ್ರ ಕೊಟ್ಟಂಗಲ್ಲ. ಎಷ್ಟು ವರ್ಷಕ್ಕೆ ಎಂದು ಕಾಗದದಲ್ಲಿ ಬರೆಯದಿದ್ದರೆ ಅದು ಐದು ವರ್ಷಕ್ಕೆ ಮಾತ್ರ ಎಂದು ಕಾಯಿದೆಯೇ ಹೇಳುತ್ತದೆ. ಎಲ್ಲಿಯವರೆಗೆ ಎಂದು ಬರೆಯದಿದ್ದರೆ ಭಾರತದೊಳಗೆ ಮಾತ್ರ.

2012ರಲ್ಲಿ ಈ ಕಾಯಿದೆಗೆ ತಿದ್ದುಪಡಿಯಾಯಿತು. ಹಿಂದಿಯ ಗೀತರಚನೆಕಾರ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಕೂತು ಇದಕ್ಕಾಗಿ ಬಡಿದಾಡಿದರು. ಹಾಡು ಬರೆದವನೂ ದಾಟಿ ಕಟ್ಟಿದವನೂ ಕಂಪನಿಗೆ ಹಕ್ಕು ಬರೆದುಕೊಟ್ಟರೂ, ಹಾಡಿನಿಂದ ಮುಂದೆ ಬರುವ ರಾಯಲ್ಟಿಯಲ್ಲಿ ಸಮಪಾಲು ಕೇಳುವ ಹಕ್ಕು ಮಾತ್ರ ಅವರಲ್ಲೇ ಉಳಿಯುತ್ತದೆ. ಅದನ್ನು ಮಾರಿಕೊಳ್ಳಲೂ ಆಗದು, ಬಿಟ್ಟುಕೊಡಲೂ ಆಗದು. ಹಾಗೆ ಬರೆಸಿಕೊಂಡ ಕಾಗದಕ್ಕೆ ಬೆಲೆ ಇಲ್ಲ. ಈ ಹಣವನ್ನು ವಸೂಲು ಮಾಡಿ ಹಂಚುವುದಕ್ಕೆ ಮುಂಬೈಯಲ್ಲಿ ಐ.ಪಿ.ಆರ್.ಎಸ್. ಎಂಬ ಸಂಸ್ಥೆ 1969ರಿಂದ ಇದೆ. ಸಿನಿಮಾದವರಿಗೆ ಮಾತ್ರ ಎಂದು ನಮ್ಮವರು ತಿಳಿದಿದ್ದಾರೆ. ಹಾಡು ಬರೆದು ಹೊರತಂದ ಯಾವ ಹುಡುಗ, ಹುಡುಗಿಯೂ ಸದಸ್ಯರಾಗಲು ಅರ್ಜಿ ಹಾಕಬಹುದು.

ಹುಡುಗಿ ಎಂದಕೂಡಲೇ ಇನ್ನೊಂದು ನೆನಪಾಯಿತು. ನಾಟಿ ಗದ್ದೆಯಲ್ಲಿ, ಕುಟ್ಟುವ ಬೀಸುವ ಕಲ್ಲಿನ ಮುಂದೆ ಹಾಡು ಕಟ್ಟಿದವರೆಲ್ಲ ಹೆಂಗಸರೇ. ಮೊಬೈಲಿಗೆ ಬಂದ ಮೇಲೆ ಬರೆಯುವವನು ಗಂಡು, ಹಾಡುವವನು ಗಂಡು, ಹುಡುಗಿ ಬರೇ ವಿಡಿಯೋದಲ್ಲಿ ಕುಣಿಯುವವಳು. ಅಜ್ಜಿಯರ ಹಾಡಿನ ದಾಟಿಯನ್ನೇ ಎತ್ತಿಕೊಂಡು ಚಾನೆಲ್ಲಿನವರು "ಇದು ನಮ್ಮದು" ಎಂದು ಮುದ್ರೆ ಒತ್ತಿದರೆ ಕೇಳುವವರು ಯಾರು? ಆ ಅಜ್ಜಿಯರು ಕಾಗದ ಬರೆದಿಟ್ಟಿಲ್ಲ. ಷರೀಫಜ್ಜನ ಹಾಡಿನ ಮಾತು ಬೇರೆ. ಕರ್ತೃ ತೀರಿಕೊಂಡು 60 ವರ್ಷವಾದ ಮೇಲೆ ಕೃತಿ ಎಲ್ಲರದೂ ಆಗುತ್ತದೆ. ಅದನ್ನು ಮೈಸೂರಿನವರೂ ಹಾಡಬಹುದು, ಶ್ರೀರಾಮನಗರದವರೂ ಹಾಡಬಹುದು, ಯಾರ ಅಪ್ಪಣೆಯೂ ಬೇಡ.

ಬೆಲ್ಜಿಯಂನಿಂದ ವಾಪಸು ಬಂದ ಮೇಲೂ ರಘು ದೀಕ್ಷಿತರಿಗೆ ಮೊದಲ ಆಲ್ಬಂ ಕೈಗೆ ಬರಲು ಹೆಚ್ಚುಕಮ್ಮಿ ಹತ್ತು ವರ್ಷ ಹಿಡಿಯಿತು. ಆ ಹತ್ತು ವರ್ಷ ಅವರ ಹತ್ತಿರ ಎಂ.ಎಸ್ಸಿ. ಪದವಿಯ ಊರುಗೋಲು ಇತ್ತು. ಕೈ ಸೋತರೆ ಮತ್ತೆ ಲ್ಯಾಬಿಗೆ ಹೋಗಬಹುದಿತ್ತು. ನಮ್ಮ ಹುಡುಗರಿಗೆ ಅದಿಲ್ಲ. ಹಗಲು ಗಿರಣಿಯಲ್ಲಿ ಚೀಲ ಹೊತ್ತು, ಗದ್ದೆಗೆ ನೀರು ಕಟ್ಟಿ, ರಾತ್ರಿ ಕೂತು ಹಾಡು ಬರೆಯುವವನಿಗೆ ಹತ್ತು ವರ್ಷ ಕಾಯೋ ಎಂದು ಹೇಳಲು ನಮಗೆ ಬಾಯಿ ಬರುವುದಿಲ್ಲ. ಚಾನೆಲ್ಲಿನವ ಮುಂದಿನ ಸಲ ಕಾಗದ ಚಾಚಿದಾಗ ವರ್ಷ ಎಷ್ಟು, ಪಾಲು ಎಷ್ಟು ಎಂದು ಕೇಳಿ, ಒಂದು ಪ್ರತಿ ಮನೆಗೆ ತಂದು ಅಪ್ಪನ ಕೈಗೆ ಕೊಡಪಾ ಎನ್ನುವಷ್ಟು ಮಾತ್ರ ಬಾಯಿಗೆ ಬರುತ್ತದೆ.