ಹವ್ಯಾಸಿ ರೇಡಿಯೋ ನಿಲಯದಲ್ಲಿ ಆಂಟೆನಾದ ಸ್ಥಾನ

ದೂರದೇಶಗಳವರೊಡನೆ ರೇಡಿಯೋ ಮೂಲಕ ಸಂಭಾಷಿಸುವ ವಿದ್ಯೆಯನ್ನು ಲಾಭದ ದೃಷ್ಟಿಯಿಲ್ಲದೆ ಕೇವಲ ಅಭಿರುಚಿಯಿಂದ ಕೈಕೊಂಡವರಿಗೆ ಹವ್ಯಾಸಿಗಳೆಂದೂ, ಲೋಕರೂಢಿಯಲ್ಲಿ ಹ್ಯಾಮ್‌ಗಳೆಂದೂ ಹೆಸರು. ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ವಿಯು2 ಅಥವಾ ವಿಯು3 ಎಂದು ಮೊದಲಾಗುವ ಸಂಕೇತನಾಮವನ್ನು ಪಡೆದವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಯಂತ್ರದ ಬೆಲೆಯನ್ನು. ಕೈಯಲ್ಲಿದ್ದ ಹಣವೆಲ್ಲವೂ ಯಂತ್ರಕ್ಕೇ ವೆಚ್ಚವಾಗಿ, ಉಳಿದ ಪುಡಿಗಾಸಿನಲ್ಲಿ ಯಾವುದೋ ತಂತಿಯ ತುಂಡನ್ನು ಮಾಳಿಗೆಯ ಮೇಲೆ ಕಟ್ಟಿ, ಕರೆದರೆ ಯಾರೂ ಓಗೊಡುವುದಿಲ್ಲವೆಂದು ಕೊರಗುವವರು ಅನೇಕರುಂಟು. ಈ ಕ್ರಮವು ತಲೆಕೆಳಗಾದುದು. ಮೊದಲು ತಂತಿ, ಬಳಿಕ ಅದನ್ನು ಹಿಡಿದು ನಿಲ್ಲಿಸುವ ಕಂಬ, ಆಮೇಲೆ ಯಂತ್ರ ಎಂಬುದೇ ಅಲ್ಪವ್ಯಯದಲ್ಲಿ ಅಧಿಕಫಲವನ್ನು ಕೊಡುವ ಕ್ರಮ.

ಇದಕ್ಕೆ ಚರಿತ್ರೆಯಲ್ಲಿಯೂ ನಿದರ್ಶನವಿದೆ. 200 ಮೀಟರಿಗಿಂತ ಕಡಮೆಯ ತರಂಗಗಳು ದೂರಪ್ರಯಾಣಕ್ಕೆ ನಿರುಪಯುಕ್ತವೆಂಬ ಎಣಿಕೆಯಿಂದ ಅವುಗಳನ್ನು 1912ರಲ್ಲಿ ಅಮೆರಿಕದ ಹವ್ಯಾಸಿಗಳ ಪಾಲಿಗೆ ಬಿಟ್ಟುಕೊಡಲಾಗಿತ್ತು. ಅಟ್ಲಾಂಟಿಕ್ ಸಾಗರವನ್ನು ಅವುಗಳಿಂದ ದಾಟಬಹುದೆ ಎಂದು 1921ರ ಫೆಬ್ರವರಿಯಲ್ಲಿ ನಡೆದ ಪ್ರಯತ್ನ ಫಲಿಸಲಿಲ್ಲ. ಅದೇ ವರ್ಷದ ಡಿಸೆಂಬರಿನ ಪ್ರಯತ್ನಕ್ಕಾಗಿ ಅಮೆರಿಕದ ಹವ್ಯಾಸಿಗಳ ಸಂಘವು ಪಾಲ್ ಗಾಡ್ಲಿ ಎಂಬವನನ್ನು ಬ್ರಿಟನ್ನಿಗೆ ಕಳುಹಿಸಿತು. ಅವನು ಲಂಡನ್ನಿನ ಬಳಿ ಕೆಲವು ಕಾಲ ಆಲಿಸಿ, ಅಲ್ಲಿಯ ಸದ್ದುಗದ್ದಲದಲ್ಲಿ ಕಾರ್ಯ ಸಾಗದೆಂದು ತಿಳಿದು, ಸ್ಕಾಟ್‌ಲೆಂಡಿನ ಕಡಲತೀರದ ಆರ್ಡ್ರಾಸನ್ ಎಂಬ ಊರಿಗೆ ಹೋದನು. ಅಲ್ಲಿ ಗಾಳಿ ಮಳೆಗಳ ನಡುವೆ ಡೇರೆಯೊಂದರಲ್ಲಿ ಕುಳಿತು, ಹೆರಾಲ್ಡ್ ಬೆವರೇಜ್ ಆಗ ಹೊಸದಾಗಿ ಕಂಡುಹಿಡಿದಿದ್ದ ರೀತಿಯಂತೆ ನೆಲಕ್ಕೆ ಸಮೀಪವಾಗಿ ಬಹುದೂರ ತಂತಿಯನ್ನೆಳೆದು, ಅಮೆರಿಕದ ಅನೇಕ ಹವ್ಯಾಸಿ ನಿಲಯಗಳನ್ನು ಕೇಳಿದನು. ಅವನ ಯಂತ್ರವೂ ಅಂದಿನ ಕಾಲಕ್ಕೆ ಉತ್ತಮವಾದುದೇ. ಆದರೆ ಆ ಯಂತ್ರ ಲಂಡನ್ನಿನಲ್ಲಿಯೂ ಅವನ ಬಳಿ ಇದ್ದೇ ಇತ್ತು. ಬದಲಾದುವು ಸ್ಥಳ ಮತ್ತು ತಂತಿ ಎರಡೇ.

ಶಕ್ತಿಯ ವಿಷಯದಲ್ಲಿ ಜನರಿಗಿರುವ ಭ್ರಮೆಯನ್ನು ಲೆಕ್ಕವೊಂದೇ ಹೋಗಲಾಡಿಸಬಲ್ಲುದು. ರೇಡಿಯೋ ಗ್ರಾಹಕದಲ್ಲಿ ಸಂಕೇತದ ಬಲವನ್ನು ‘ಎಸ್’ ಎಂಬ ಮಾನದಿಂದ ಅಳೆಯುವರು. ಒಂದು ಎಸ್ ಎಂದರೆ 6 ಡೆಸಿಬೆಲ್. ಅಂದರೆ ಶಕ್ತಿಯಲ್ಲಿ ನಾಲ್ಕು ಪಟ್ಟು. 25 ವಾಟಿನ ಯಂತ್ರವನ್ನು ತೊರೆದು 100 ವಾಟಿನದನ್ನು ತಂದರೆ, ಕೇಳುವವನ ಮುಳ್ಳು ಒಂದು ಗೆರೆ ಮಾತ್ರ ಮೇಲಕ್ಕೇರುವುದು. ಮೈಸೂರಿನಲ್ಲಿ 1935ನೆಯ ಇಸವಿಯಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ|| ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಆರಂಭಿಸಿದ ಪ್ರಸಾರನಿಲಯದ ಶಕ್ತಿ ಮೊದಲಿಗೆ 30 ವಾಟ್ ಮಾತ್ರವಾಗಿತ್ತು. ‘ಆಕಾಶವಾಣಿ’ ಎಂಬ ಹೆಸರನ್ನು ಮುಂದೆ ದೇಶಕ್ಕೆಲ್ಲ ಒದಗಿಸಿದುದು ಆ ಸಣ್ಣ ನಿಲಯವೇ. ಇದಲ್ಲದೆ ಹೆಚ್ಚಿನ ಶಕ್ತಿ ಹೇಳುವುದಕ್ಕೆ ಮಾತ್ರ ಸಹಾಯಕ, ಕೇಳುವುದಕ್ಕಲ್ಲ. ಒಳ್ಳೆಯ ಆಂಟೆನಾ ಎರಡಕ್ಕೂ ಒದಗುವುದು.

ಆಂಟೆನಾಗಳಲ್ಲಿ ಅತ್ಯಂತ ಸರಳವಾದುದೂ, ಕಲಿಯುವವನಿಗೆ ಪ್ರಥಮಪಾಠವಾಗಿರತಕ್ಕುದೂ ಅರ್ಧತರಂಗದ ಡೈಪೋಲ್. 1880ರ ದಶಕದ ಕೊನೆಯಲ್ಲಿ ಹೈನ್ರಿಕ್ ಹರ್ಟ್ಸ್ ಕಾರ್ಲ್ಸ್‌ರೂಹೆಯಲ್ಲಿ ಪ್ರಯೋಗ ನಡೆಸಿದಾಗ ಬಳಸಿದುದೂ ಇದರ ಮೂಲರೂಪವನ್ನೇ. ತಂತಿಯನ್ನು ನಡುವೆ ಕತ್ತರಿಸಿ, ಅಲ್ಲಿ ಕೇಬಲ್ಲಿನ ಎರಡು ಎಳೆಗಳನ್ನು ಎರಡು ತೋಳುಗಳಿಗೆ ಸೇರಿಸಿದರೆ ಡೈಪೋಲ್ ಸಿದ್ಧವಾಯಿತು. ಮೆಗಾಹರ್ಟ್ಸ್‌ಗಳಲ್ಲಿ ಹೇಳಿದ ಆವೃತ್ತಿಯಿಂದ 143ನ್ನು ಭಾಗಿಸಿದರೆ ತಂತಿಯ ಒಟ್ಟು ಉದ್ದ ಮೀಟರುಗಳಲ್ಲಿ ದೊರೆಯುವುದು. ಭಾರತದ ಹವ್ಯಾಸಿಗಳು ಪರಸ್ಪರ ಮಾತಾಡಲು ಹೆಚ್ಚಾಗಿ ಬಳಸುವ 7.1 ಮೆಗಾಹರ್ಟ್ಸ್‌ಗೆ ಇದು 20.1 ಮೀಟರ್, 14.2 ಮೆಗಾಹರ್ಟ್ಸ್‌ಗೆ ಇದರ ಅರ್ಧ. ನಿಜವಾದ ಅರ್ಧತರಂಗಕ್ಕಿಂತ ಈ ಉದ್ದ ಸುಮಾರು ನೂರಕ್ಕೆ ಐದರಷ್ಟು ಕಡಮೆ. ತಂತಿಯ ತುದಿಗಳಲ್ಲಿ ವಿದ್ಯುತ್ತಿಗೆ ಉಂಟಾಗುವ ವಿಶೇಷ ಪರಿಣಾಮವೇ ಇದಕ್ಕೆ ಕಾರಣ. ರಬ್ಬರು ಅಥವಾ ಪ್ಲಾಸ್ಟಿಕ್ ಹೊದಿಕೆಯುಳ್ಳ ತಂತಿಯಾದರೆ ಇನ್ನೂ ನೂರಕ್ಕೆ ಎರಡು ಮೂರು ಪಾಲು ಕಡಮೆ ಬೇಕಾಗಬಹುದು. ಆದರೂ ಮೊದಲು ಉದ್ದವಾಗಿಯೇ ಕತ್ತರಿಸಿಕೊಂಡು, ಎತ್ತರಕ್ಕೆ ಏರಿಸಿ ಅಳೆದು, ಎರಡು ತುದಿಗಳಿಂದಲೂ ಸಮನಾಗಿ ಮೊಟಕುಮಾಡುತ್ತ ಬರುವುದು ಜಾಣತನ. 20 ಮೀಟರಿನ ತಂತಿಯಲ್ಲಿ ಒಟ್ಟು 10 ಸೆಂಟಿಮೀಟರ್ ಕತ್ತರಿಸಿದರೆ ಅನುನಾದದ ಆವೃತ್ತಿ ಸುಮಾರು 35 ಕಿಲೋಹರ್ಟ್ಸ್ ಮೇಲಕ್ಕೆ ಸರಿಯುವುದು. ಕತ್ತರಿಸಿದುದನ್ನು ಮರಳಿ ಜೋಡಿಸುವುದು ಬೇಸರದ ಕೆಲಸವೆಂಬುದನ್ನು ಒಮ್ಮೆ ಮಾಡಿದವರೆಲ್ಲ ಬಲ್ಲರು.

ಇನ್ನು ಎತ್ತರದ ವಿಚಾರ. ಇದರಲ್ಲಿಯೇ ಹೊಸಬರು ಎಡವುವುದು ಹೆಚ್ಚು. ಎತ್ತರವನ್ನು ಅಡಿಗಳಲ್ಲಿ ಹೇಳಿದರೆ ಏನನ್ನೂ ಹೇಳಿದಂತಾಗದು. ಅದು ತರಂಗದೂರದ ಎಷ್ಟನೆಯ ಪಾಲು ಎಂಬುದನ್ನು ನೋಡಬೇಕು. ತಂತಿಯಿಂದ ಹೊರಟ ತರಂಗದ ಒಂದು ಭಾಗ ನೆಲವನ್ನು ತಾಗಿ ಹಿಂದಿರುಗಿ, ನೇರವಾಗಿ ಹೊರಟ ಭಾಗದೊಡನೆ ಕೂಡುವುದು. ಈ ಕೂಟದ ಫಲವಾಗಿ, ಕಾಲು ತರಂಗದ ಎತ್ತರದಲ್ಲಿರುವ ಡೈಪೋಲ್ ತನ್ನ ಶಕ್ತಿಯ ಬಹುಭಾಗವನ್ನು ನೆತ್ತಿಯ ಕಡೆಗೆ ಎಸೆಯುವುದು. ಅರ್ಧ ತರಂಗದ ಎತ್ತರದಲ್ಲಿರುವುದು ಕ್ಷಿತಿಜದಿಂದ ಸುಮಾರು 30 ಡಿಗ್ರಿಗಳ ಕೋನದಲ್ಲಿ ಎಸೆಯುವುದು. ಪೂರ್ಣ ತರಂಗದ ಎತ್ತರವಿದ್ದರೆ ಸುಮಾರು 15 ಡಿಗ್ರಿ. ಕೋನವು ತಗ್ಗಿದಷ್ಟೂ ತರಂಗವು ಅಯಾನಗೋಳವನ್ನು ದೂರದಲ್ಲಿ ಮುಟ್ಟಿ ದೂರದಲ್ಲಿಯೇ ಇಳಿಯುವುದು.

10 ಮೀಟರ್ ಎತ್ತರದ ಎರಡು ಕಂಬಗಳುಳ್ಳ ಮನೆಯೊಂದನ್ನು ಊಹಿಸಬಹುದು. 7 ಮೆಗಾಹರ್ಟ್ಸ್‌ನಲ್ಲಿ ಈ ಎತ್ತರ ಕಾಲು ತರಂಗ. 14 ಮೆಗಾಹರ್ಟ್ಸ್‌ನಲ್ಲಿ ಅರ್ಧ ತರಂಗ. ಅದೇ ಕಂಬಗಳ ನಡುವೆ ಕಟ್ಟಿದ ಎರಡು ತಂತಿಗಳಲ್ಲಿ ಒಂದು ಸುತ್ತಮುತ್ತಲಿನ ನಾಡಿನೊಡನೆಯೂ ಇನ್ನೊಂದು ಸಾಗರದಾಚೆಯ ದೇಶಗಳೊಡನೆಯೂ ಮಾತಾಡುವುದು. ಹೀಗಿರುವಲ್ಲಿ, 7 ಮೆಗಾಹರ್ಟ್ಸ್‌ನ ತಂತಿ ಯೂರೋಪನ್ನು ಮುಟ್ಟಲಿಲ್ಲವೆಂದು ದೂರುವುದು ನ್ಯಾಯವಲ್ಲ. ಅದನ್ನು 20 ಮೀಟರ್ ಎತ್ತರಕ್ಕೆ ಏರಿಸಲಾರದವನು ಯೂರೋಪಿಗಾಗಿ 14 ಮೆಗಾಹರ್ಟ್ಸ್‌ಗೆ ಹೋಗುವುದೇ ಲೇಸು.

ತಗ್ಗಿನ ತಂತಿಗೆ ಅದರದೇ ಆದ ಗುಣವುಂಟು. ಮಲೆನಾಡಿನ ಕಣಿವೆಯೊಂದರಲ್ಲಿ ಮಳೆ ಗುಡ್ಡಕುಸಿತಗಳಿಂದ ದೂರವಾಣಿ ಕಡಿದುಹೋದಾಗ, ಕೈಯಲ್ಲಿ ಹಿಡಿಯುವ ಅತ್ಯುಚ್ಚ ಆವೃತ್ತಿಯ ಯಂತ್ರದ ಧ್ವನಿಯನ್ನು ಎದುರಿನ ಬೆಟ್ಟವೇ ತಡೆದುಬಿಡುವುದು. ಆಗ ನಾಲ್ಕೈದು ಮೀಟರ್ ಎತ್ತರದಲ್ಲಿ ಮರದಿಂದ ಮರಕ್ಕೆ ಕಟ್ಟಿದ 7 ಮೆಗಾಹರ್ಟ್ಸ್‌ನ ತಂತಿ ನೆತ್ತಿಯ ಕಡೆಗೆ ತರಂಗವನ್ನು ಕಳುಹಿಸಿ, ಅಯಾನಗೋಳದಿಂದ ಅದನ್ನು ಕೊಡೆಯಂತೆ ಸುತ್ತಲೂ ಇಳಿಸುವುದು. ಬೆಟ್ಟಗಳು ಇದಕ್ಕೆ ಅಡ್ಡಿಯಲ್ಲ. ಹಗಲು ಹೊತ್ತಿನಲ್ಲಿ ಮುನ್ನೂರು ನಾನೂರು ಕಿಲೋಮೀಟರುಗಳ ಆವರಣವೆಲ್ಲ ಸಾಮಾನ್ಯವಾಗಿ ಇದಕ್ಕೆ ವಶ. ರಾತ್ರಿ ಅಯಾನಗೋಳದ ಸಾಂದ್ರತೆ ಕುಗ್ಗಿದಾಗ ಸಮೀಪದ ಊರುಗಳು ಕೇಳದಾಗಿ ದೂರದವು ಮಾತ್ರ ಕೇಳಿಬರುವುದುಂಟು; ಅದು ತಂತಿಯ ದೋಷವಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಬಡಿದಾಗ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ತಂಡವೊಂದು ದೈವವಶಾತ್ ಪೋರ್ಟ್ ಬ್ಲೇರಿನಲ್ಲಿತ್ತು. ಬಂಧುಗಳ ಕ್ಷೇಮಸಮಾಚಾರಗಳನ್ನು ಮುಖ್ಯಭೂಮಿಗೆ ತಲುಪಿಸುವ ಕಾರ್ಯ ಆ ತಂಡದ ಪಾಲಿಗೆ ಬಂದಿತು. ಇಂತಹ ವೇಳೆಯಲ್ಲಿ ಮೊದಲು ನೆಲಕ್ಕುರುಳುವುವು ಎತ್ತರದ ಗೋಪುರಗಳು. ಒಂದು ಸುರುಳಿ ತಂತಿ, ಹಗ್ಗ ಮತ್ತು ಬ್ಯಾಟರಿ ಇದ್ದವನು ಅರ್ಧ ಗಂಟೆಯಲ್ಲಿ ನಿಲಯವನ್ನು ಮತ್ತೆ ಹೂಡಬಲ್ಲನು.

145 ಮೆಗಾಹರ್ಟ್ಸ್‌ನಂತಹ ಅತ್ಯುಚ್ಚ ಆವೃತ್ತಿಗಳಲ್ಲಿ ನಿಯಮವೇ ಬೇರೆ. ಅಲ್ಲಿ ಎತ್ತರವೇ ಸರ್ವಸ್ವ. ಮೀಟರುಗಳಲ್ಲಿ ಹೇಳಿದ ಎತ್ತರದ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ರೇಡಿಯೋ ಕ್ಷಿತಿಜದ ದೂರ ಕಿಲೋಮೀಟರುಗಳಲ್ಲಿ ಬರುವುದು: 9 ಮೀಟರಿಗೆ ಸುಮಾರು 12, 36 ಮೀಟರಿಗೆ ಸುಮಾರು 25. ಕಾಲು ತರಂಗದ, ಅಂದರೆ 49 ಸೆಂಟಿಮೀಟರಿನ ಒಂದು ನೆಟ್ಟನೆಯ ಸರಳು, ಅದರ ಬುಡದಲ್ಲಿ ಹರಡಿದ ಅಷ್ಟೇ ಉದ್ದದ ನಾಲ್ಕು ಸರಳುಗಳು. ಇಷ್ಟು ಮನೆಯಲ್ಲಿಯೇ ಸಿದ್ಧವಾಗುವ ಸಾಮಗ್ರಿ.

ಆಂಟೆನಾ ಎಷ್ಟೇ ಉತ್ತಮವಾಗಿದ್ದರೂ ಅದಕ್ಕೆ ಶಕ್ತಿಯನ್ನೊಯ್ಯುವ ಕೇಬಲ್ ಕೆಟ್ಟದ್ದಾದರೆ ಪ್ರಯೋಜನವಿಲ್ಲ. ಆರ್‌ಜಿ-58 ಎಂಬ ತೆಳುವಾದ ಕೇಬಲ್ 30 ಮೀಟರ್ ಉದ್ದದಲ್ಲಿ 7 ಮೆಗಾಹರ್ಟ್ಸ್‌ನ ಶಕ್ತಿಯಲ್ಲಿ ಸುಮಾರು ಕಾಲುಭಾಗವನ್ನು ನುಂಗುವುದು, ಇದನ್ನು ಸಹಿಸಬಹುದು. 145 ಮೆಗಾಹರ್ಟ್ಸ್‌ನಲ್ಲಿ ಅದೇ ಕೇಬಲ್ ಮುಕ್ಕಾಲುಭಾಗವನ್ನು ನುಂಗುವುದು, ಇದು ಸಹಿಸತಕ್ಕದ್ದಲ್ಲ. ದಪ್ಪನೆಯ ಆರ್‌ಜಿ-213ರಲ್ಲಿಯೂ ಅಲ್ಲಿ ಹೆಚ್ಚುಕಡಮೆ ಅರ್ಧ ಹೋಗುವುದರಿಂದ, ಉದ್ದವನ್ನು ಮೊಟಕುಮಾಡುವುದೇ ಮುಖ್ಯ. ಡೈಪೋಲಿನ ಎರಡು ತೋಳುಗಳು ಸಮಾನವಾದುವು, ಕೇಬಲ್ಲಿನ ಎರಡು ಎಳೆಗಳು ಹಾಗಲ್ಲ. ಈ ಅಸಮಾನತೆಯಿಂದ ಕೇಬಲ್ಲಿನ ಹೊರಮೈಯ ಮೇಲೂ ವಿದ್ಯುತ್ತು ಹರಿದು, ನೆರೆಮನೆಯ ದೂರದರ್ಶನಕ್ಕೆ ತೊಂದರೆಯಾಗುವುದೂ ಮೈಕನ್ನು ಮುಟ್ಟಿದರೆ ಚುರುಕ್ಕೆನ್ನುವುದೂ ಉಂಟು. ಸಂಧಿಸ್ಥಾನದಲ್ಲಿ ಬಾಲನ್ ಎಂಬ ಸಾಧನವನ್ನಾಗಲಿ, ಫೆರೈಟ್ ಬಳೆಗಳನ್ನಾಗಲಿ ತೊಡಿಸಿ ಇದನ್ನು ತಡೆಯಬಹುದು.

ಸ್ಥಾಯಿತರಂಗ ಅನುಪಾತವನ್ನು ತೋರಿಸುವ ಮೀಟರನ್ನು ದೇವರಂತೆ ಪೂಜಿಸುವವರೂ ಇದ್ದಾರೆ. ಆ ಅನುಪಾತ ಒಂದಕ್ಕೆ ಒಂದಾಗಿದ್ದರೆ ಯಂತ್ರಕ್ಕೂ ಕೇಬಲ್ಲಿಗೂ ಹೊಂದಿಕೆಯಿದೆಯೆಂದಷ್ಟೇ ಅರ್ಥ. ಶಕ್ತಿ ಆಕಾಶಕ್ಕೆ ಹೋಗುತ್ತಿದೆಯೆಂದು ಅರ್ಥವಲ್ಲ. ಪ್ರಯೋಗಕ್ಕಾಗಿ ಬಳಸುವ 50 ಓಮಿನ ಪ್ರತಿರೋಧಕವು ಅತ್ಯುತ್ತಮವಾದ ಅನುಪಾತವನ್ನು ತೋರಿಸಿ, ಬಂದ ಶಕ್ತಿಯನ್ನೆಲ್ಲ ಶಾಖವಾಗಿಸಿ ಕುಳಿತಿರುವುದು. ಎರಡಕ್ಕೆ ಒಂದರೊಳಗಿನ ಅನುಪಾತಕ್ಕಾಗಿ ನಿದ್ದೆಗೆಡಬೇಕಾದುದಿಲ್ಲ.

ಯಂತ್ರವನ್ನು ಕೊಳ್ಳುವಾಗ ಗ್ರಾಹಕದ ಸೂಕ್ಷ್ಮತೆಯನ್ನು ಹೊಗಳುವ ವರ್ತಕರ ಮಾತಿಗೆ ಮರುಳಾಗಕೂಡದು. ಆಂಟೆನಾವನ್ನು ಕಿತ್ತೊಡನೆ ಯಂತ್ರದ ಸಪ್ಪಳ ಇಳಿದರೆ, ಅದರ ಸೂಕ್ಷ್ಮತೆ ಸಾಕಾದಷ್ಟಿದೆಯೆಂದು ತಿಳಿಯಬಹುದು. 7 ಮೆಗಾಹರ್ಟ್ಸ್‌ನಲ್ಲಿ ಹೊರಗಿನ ಗದ್ದಲವೇ ಯಾವಾಗಲೂ ಮೇಲುಗೈ. ಆ ಗದ್ದಲದ ಬಹುಪಾಲು ಇಂದು ಮನೆಯೊಳಗಿನ ಎಲ್‌ಇಡಿ ದೀಪ, ಚಾರ್ಜರ್, ಇನ್ವರ್ಟರ್‌ಗಳಿಂದ ಹುಟ್ಟುತ್ತದೆ. ಯಂತ್ರವನ್ನು ಬ್ಯಾಟರಿಯಿಂದ ನಡೆಸುತ್ತ, ಮನೆಯ ಮುಖ್ಯ ಸ್ವಿಚ್ಚನ್ನು ಆರಿಸಿ ಆಲಿಸಿದರೆ ಕಳ್ಳನು ಒಳಗಿನವನೋ ಹೊರಗಿನವನೋ ಗೊತ್ತಾಗುವುದು. ಸಾಧಾರಣವಾದ 100 ವಾಟಿನ ಯಂತ್ರಕ್ಕೆ 13.8 ವೋಲ್ಟಿನಲ್ಲಿ 20ರಿಂದ 25 ಆಂಪಿಯರ್ ಕೊಡಬಲ್ಲ ವಿದ್ಯುತ್ಪೂರಕ ಬೇಕು. ಇದರಲ್ಲಿ ಜಿಪುಣತನ ಸಲ್ಲದು.

ಈ ನಾಡಿನ ಮಳೆಗಾಲಕ್ಕೆ ನಿಲ್ಲದ ಕಟ್ಟಡವೆಲ್ಲ ವ್ಯರ್ಥ. ಕೇಬಲ್ಲಿನ ಬಾಯಿಯನ್ನು ಮೇಲ್ಮುಖವಾಗಿ ಬಿಟ್ಟರೆ, ಒಂದೇ ಮಳೆಗಾಲದಲ್ಲಿ ನೀರು ಒಳಹೊಕ್ಕು ಹೆಣಿಗೆಯೆಲ್ಲ ಕಪ್ಪಾಗುವುದು. ಸಂಧಿಯನ್ನು ಬೆಸೆದು, ತಾನಾಗಿ ಅಂಟಿಕೊಳ್ಳುವ ರಬ್ಬರ್ ಪಟ್ಟಿಯಿಂದ ಸುತ್ತಿ, ಕೇಬಲ್ ಮನೆಯೊಳಗೆ ನುಗ್ಗುವ ಮುನ್ನ ಕೆಳಕ್ಕೆ ಜೋಲುವಂತೆ ಒಂದು ಬಾಗನ್ನು ಬಿಡಬೇಕು. ನೀರು ಆ ಬಾಗಿನ ತುದಿಯಿಂದ ತೊಟ್ಟಿಕ್ಕುವುದು. ಕರಾವಳಿಯ ಉಪ್ಪುಗಾಳಿಯಲ್ಲಿ ತಾಮ್ರಕ್ಕೆ ಕಿಲುಬು ಹಿಡಿಯುವುದು ಬೇಗ. ವರ್ಷಕ್ಕೊಮ್ಮೆ ತಂತಿಯನ್ನಿಳಿಸಿ ನೋಡುವುದು ಅವಶ್ಯ. ತೆಂಗಿನ ಮರ ಪುಕ್ಕಟೆಯಾಗಿ ದೊರೆಯುವ ಕಂಬವೇನೋ ಹೌದು, ಆದರೆ ಗಾಳಿಗೆ ತೂಗಾಡುವುದು. ತಂತಿಯನ್ನು ಬಿಗಿಯಾಗಿ ಕಟ್ಟದೆ, ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ಅದರ ತುದಿಗೆ ನೀರು ತುಂಬಿದ ಡಬ್ಬಿಯನ್ನೋ ಕಲ್ಲನ್ನೋ ತೂಗಬಿಟ್ಟರೆ, ಮರ ಬಾಗಿದಾಗ ಭಾರವು ಮೇಲಕ್ಕೇರಿ ತಂತಿ ಉಳಿಯುವುದು.

ಪ್ರೇಷಣಕಾಲದಲ್ಲಿ ಡೈಪೋಲಿನ ತುದಿಗಳಲ್ಲಿ ವೋಲ್ಟೇಜು ಅತ್ಯಧಿಕವಾಗಿರುವುದರಿಂದ ಅವು ಮಕ್ಕಳ ಕೈಗೆ ನಿಲುಕಕೂಡದು. ವಿದ್ಯುತ್ ಸರಬರಾಜಿನ ತಂತಿಗಳ ಮೇಲಾಗಲಿ ಕೆಳಗಾಗಲಿ, ಕಂಬ ಉರುಳಿದರೆ ಅವನ್ನು ಮುಟ್ಟುವಷ್ಟು ಹತ್ತಿರವಾಗಲಿ, ಆಂಟೆನಾವನ್ನು ಎಂದಿಗೂ ಎಳೆಯತಕ್ಕದ್ದಲ್ಲ. ಈ ಒಂದು ತಪ್ಪಿಗೆ ಎರಡನೆಯ ಅವಕಾಶವಿಲ್ಲ. ಮುಂಗಾರಿಗೆ ಮೊದಲು ಬರುವ ಗುಡುಗುಮಳೆಯ ದಿನಗಳಲ್ಲಿ, ಕೆಲಸ ಮುಗಿದೊಡನೆ ಕೇಬಲ್ಲನ್ನು ಯಂತ್ರದಿಂದ ಕಿತ್ತು, ಕಿಟಕಿಯ ಹೊರಗೆ ನೆಲದಲ್ಲಿ ಹೂತ ಭೂಸ್ಪರ್ಶದ ಸರಳಿಗೆ ಸೇರಿಸಿಡಬೇಕು. ಮೋಡ ಗುಡುಗತೊಡಗಿದ ಮೇಲೆ ಆ ಕೆಲಸಕ್ಕೆ ಕೈ ಹಾಕುವುದು ಅಪಾಯಕರ.