ಸವೆದ ಬ್ರೇಕ್ ಡಿಸ್ಕ್

ವಾಹನಗಳನ್ನು ಕುರಿತು ಮಾತನಾಡುವಾಗ ನಾವೆಲ್ಲರೂ ವೇಗವನ್ನು ಕೊಂಡಾಡುತ್ತೇವೆಯೇ ಹೊರತು, ಆ ವೇಗವನ್ನು ತಡೆಯುವ ಸಾಧನವನ್ನು ನೆನೆಯುವುದು ವಿರಳ. ಜಪಾನಿನ ಹೋಂಡಾ ಸಂಸ್ಥೆಯು 1969ರಲ್ಲಿ ಹೊರತಂದ ಸಿ.ಬಿ. 750 ಮೋಟಾರ್ ಸೈಕಲ್ಲು ನಾಲ್ಕು ಸಿಲಿಂಡರುಗಳ ಎಂಜಿನ್ನಿನಿಂದ ಪ್ರಸಿದ್ಧವಾಯಿತು. ಆದರೆ ಅದರ ಮುಂಚಕ್ರದ ಡಿಸ್ಕ್ ಬ್ರೇಕೂ ಅಷ್ಟೇ ಗಣನೀಯವಾದುದು. ನಮ್ಮ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಗಾಡಿಗಳಿಗೆ ಆಗ ಇದ್ದುದು ಡ್ರಮ್ ಬ್ರೇಕು. ಆ ಹಳೆಯ ಹೋಂಡಾಗಳನ್ನು ಇಂದಿಗೂ ಜೋಪಾನದಿಂದ ಓಡಿಸುವವರಿದ್ದಾರೆ. ಅವುಗಳ ಡಿಸ್ಕ್ ಸವೆದಾಗ ಮಾಡತಕ್ಕುದೇನೆಂಬುದನ್ನು ನೋಡೋಣ.

ಡಿಸ್ಕ್ ಎಂದರೆ ಚಕ್ರದೊಡನೆ ತಿರುಗುವ ಉಕ್ಕಿನ ಬಿಲ್ಲೆ. ಲಿವರನ್ನು ಹಿಡಿದೊಡನೆ ಕೊಳವೆಯಲ್ಲಿನ ದ್ರವವು ಪಿಸ್ಟನ್ನನ್ನು ನೂಕುತ್ತದೆ. ಎರಡು ಪ್ಯಾಡುಗಳು ಬಿಲ್ಲೆಯನ್ನು ಇಕ್ಕೆಲಗಳಿಂದ ಅದುಮುತ್ತವೆ. ಚಲನಶಕ್ತಿಯು ಘರ್ಷಣೆಯಿಂದ ಶಾಖವಾಗುತ್ತದೆ. ಸವಾರನೂ ಸೇರಿ 300 ಕಿಲೋಗ್ರಾಂ ತೂಗುವ ಗಾಡಿಯು ಗಂಟೆಗೆ 100 ಕಿಲೋಮೀಟರ್ ವೇಗದಿಂದ ನಿಲ್ಲುವಾಗ ಹುಟ್ಟುವ ಶಾಖವು ಸುಮಾರು 1,15,000 ಜೂಲ್. ಒಂದು ದೊಡ್ಡ ಲೋಟ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ವೇಗವು ಇಮ್ಮಡಿಯಾದರೆ ಶಾಖವು ನಾಲ್ಮಡಿಯಾಗುವುದು. ಬಿಲ್ಲೆ ತೆಳುವಾದಷ್ಟೂ ಬೇಗನೆ ಕಾಯುತ್ತದೆ, ಸೊಟ್ಟಗಾಗುತ್ತದೆ, ಬಿರುಕು ಬಿಡಲೂಬಹುದು.

ಈ ಗಾಡಿಯ ಹೊಸ ಡಿಸ್ಕಿನ ದಪ್ಪ ಸುಮಾರು 7 ಮಿಲಿಮೀಟರ್, 5.5ಕ್ಕಿಳಿದರೆ ಅದರ ಆಯುಷ್ಯ ಮುಗಿದಂತೆ. ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರಿನಿಂದ ಅಳೆದರಾಯಿತಲ್ಲ ಎಂದು ನಮ್ಮ ಓದುಗರು ಕೇಳಬಹುದು. ಅಲ್ಲಿಯೇ ಇದೆ ಮೋಸ! ಪ್ಯಾಡುಗಳು ಮುಟ್ಟದಿರುವ ಹೊರ ಅಂಚು ಸವೆಯದೆ ಏಣಿನಂತೆ ಉಳಿದಿರುತ್ತದೆ. ವರ್ನಿಯರಿನ ದವಡೆಗಳು ಆ ಏಣಿನ ಮೇಲೆ ಕುಳಿತು ಹೆಚ್ಚಿನ ದಪ್ಪವನ್ನೇ ತೋರಿಸುತ್ತವೆ. ಆದುದರಿಂದ ಮೈಕ್ರೋಮೀಟರಿನಿಂದ, ಸವೆದ ಭಾಗದಲ್ಲಿಯೇ, ನಾಲ್ಕಾರು ಕಡೆ ಅಳೆಯತಕ್ಕದ್ದು.

ಬದಲಿಸುವ ಕೆಲಸ ಕಷ್ಟವಾದುದಲ್ಲ. ಗಾಡಿಯನ್ನು ಭದ್ರವಾಗಿ ಎತ್ತಿ ನಿಲ್ಲಿಸಿ, ಚಕ್ರವನ್ನು ಕಳಚಿ, ಹಬ್ಬಿನಿಂದ ಹಳೆಯ ಬಿಲ್ಲೆಯನ್ನು ಬಿಚ್ಚಬೇಕು. ಈ ನಡುವೆ ಯಾರೂ ಲಿವರನ್ನು ಅದುಮಕೂಡದು. ತಡೆಯಲು ಬಿಲ್ಲೆಯಿಲ್ಲದೆ ಪಿಸ್ಟನ್ನು ಹೊರಬಂದೀತು. ಹೊಸ ಡಿಸ್ಕಿನ ಮೇಲೆ ತುಕ್ಕು ಹಿಡಿಯದಂತೆ ಸವರಿರುವ ಎಣ್ಣೆಯನ್ನು ಪೂರ್ತಿಯಾಗಿ ಒರೆಸಬೇಕು. ನಟ್ಟುಗಳನ್ನು ಒಂದರ ಪಕ್ಕದ ಇನ್ನೊಂದನ್ನಲ್ಲ, ಎದುರುಬದುರಾಗಿ, ತಯಾರಕರ ಕೈಪಿಡಿ ಹೇಳುವಷ್ಟೇ ಬಿಗಿಯಬೇಕು. ಹಳೆಯ ಪ್ಯಾಡುಗಳು ಹಳೆಯ ಬಿಲ್ಲೆಯ ಗೀರುಗಳಿಗೆ ಹೊಂದಿಕೊಂಡಿರುತ್ತವಾದ್ದರಿಂದ ಅವನ್ನೂ ಬದಲಿಸುವುದೇ ಲೇಸು. ಇಲ್ಲಿ ಕಾಸು ಉಳಿಸುವುದು ಜಾಣತನವೆಂದು ನಮಗೆ ತೋರುವುದಿಲ್ಲ.

ಹೊಸ ಬಿಲ್ಲೆ ದಪ್ಪವಾಗಿರುವುದರಿಂದ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಬೇಕಾಗುತ್ತದೆ. ಆಗ ಮೇಲಿನ ಬಟ್ಟಲಿನಲ್ಲಿ ದ್ರವವು ಏರುತ್ತದೆ; ಅದು ಚೆಲ್ಲಿದರೆ ಬಣ್ಣವನ್ನೇ ತಿನ್ನುವುದು. ಇದಕ್ಕಿಂತ ಮುಖ್ಯವಾದ ಸಂಗತಿ ಬೇರೊಂದಿದೆ. ಹಿಂದೆ ಸರಿದ ಪಿಸ್ಟನ್ನು ಪ್ಯಾಡನ್ನು ಬಿಲ್ಲೆಗೆ ಮುಟ್ಟಿಸುವ ತನಕ ಲಿವರು ಬರಿದೇ ಒಳಕ್ಕೆ ಹೋಗುತ್ತದೆ, ಬ್ರೇಕು ಹಿಡಿಯುವುದೇ ಇಲ್ಲ. ಎಲ್ಲವೂ ಸರಿಯಾಯಿತೆಂದು ಹಾಗೆಯೇ ಬೀದಿಗಿಳಿದವನಿಗೆ ಮೊದಲನೆಯ ತಿರುವಿನಲ್ಲಿಯೇ ಅಪಾಯ ಕಾದಿರುತ್ತದೆ. ಗಾಡಿಯು ನಿಂತಿರುವಾಗಲೇ ಲಿವರನ್ನು ಹಲವು ಬಾರಿ ಅದುಮಿ, ಅದು ಕೈಗೆ ಗಟ್ಟಿಯಾಗಿ ಸಿಕ್ಕಿದ ಬಳಿಕವೇ ಚಕ್ರವನ್ನು ಉರುಳಿಸತಕ್ಕದ್ದು. ಆಮೇಲೆಯೂ ಪ್ಯಾಡುಗಳು ಬಿಲ್ಲೆಗೆ ಹೊಂದಿಕೊಳ್ಳುವವರೆಗೆ, ಕೆಲವು ದಿನ, ಮೆಲ್ಲನೆಯೇ ಓಡಿಸಬೇಕು.