ಬಯಲಿಗೂ ಒಂದು ಕತೆಯುಂಟು

ಹುಬ್ಬಳ್ಳಿ-ಧಾರವಾಡಗಳ ನಡುವೆ ದಿನವೂ ಓಡಾಡುವವರಿಗೆ ‘ಚಿಗರಿ’ ಎಂದರೆ ಬಸ್ಸು. ೨೦೧೮ರಲ್ಲಿ ಓಡಾಟ ಆರಂಭಿಸಿದ ಈ ತ್ವರಿತ ಸಾರಿಗೆಗೆ ನಮ್ಮ ಸೀಮೆಯ ಬಯಲಲ್ಲಿ ನೆಗೆದಾಡುವ ಕೃಷ್ಣಮೃಗದ ಹೆಸರನ್ನಿಟ್ಟರು. ಹೆಸರು ಜನರ ನಾಲಗೆಗೆ ಬೇಗ ಹತ್ತಿತು. ಆದರೆ ಸುಮಾರು ೨೨ ಕಿಲೋಮೀಟರಿನ ಆ ಹಾದಿಯನ್ನು ನಿತ್ಯ ಕ್ರಮಿಸುವ ವಿದ್ಯಾರ್ಥಿಗಳಲ್ಲಿ ನಿಜವಾದ ಚಿಗರಿಯನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ಪ್ರಾಣಿ ಕಣ್ಮರೆಯಾಗುವುದಕ್ಕೆ ಮೊದಲೇ ಅದರ ಹೆಸರು ಬೇರೊಂದು ವಸ್ತುವಿಗೆ ಸಂದುಹೋಗುವುದು ವಿಚಿತ್ರವಾದ ಸಂಗತಿಯೇ ಸರಿ.

ನಾನಿರುವ ನವನಗರ ಈ ಎರಡು ಊರುಗಳ ನಡುವಿನ ಬಡಾವಣೆ. ೧೯೬೨ರಲ್ಲಿ ಹುಬ್ಬಳ್ಳಿಯೂ ಧಾರವಾಡವೂ ಒಂದೇ ನಗರಸಭೆಯ ಆಡಳಿತಕ್ಕೆ ಸೇರಿದ ಮೇಲೆ, ನಡುವಿನ ಬಯಲು ತುಂಬುತ್ತ ಬಂದಿತು. ಈಗಲೂ ಮನೆಗಳ ಸಾಲು ಮುಗಿದಲ್ಲಿ ಅಲ್ಲಲ್ಲಿ ಒಂದಿಷ್ಟು ಹುಲ್ಲುನೆಲ ಉಳಿದಿದೆ. ಕಾಗದಪತ್ರಗಳ ಭಾಷೆಯಲ್ಲಿ ಅದು ಬೀಳು. ಹಳ್ಳಿಯ ಮಾತಿನಲ್ಲಿ ಗಾಯರಾಣ. ದಾರಿಹೋಕರ ಕಣ್ಣಿಗೆ ಏನೂ ಇಲ್ಲದ ಖಾಲಿ ಜಾಗ.

ಏನೂ ಇಲ್ಲವೆಂಬ ಈ ಮಾತನ್ನು ಒಪ್ಪದವಳು ನಮ್ಮ ಬೀದಿಯ ಒಬ್ಬ ಹುಡುಗಿ. ಬಿ.ಎಸ್ಸಿ. ಓದುತ್ತಿರುವ ಇವಳು ಎರಡು ವರ್ಷದಿಂದ ಬೆಳಗಿನ ಜಾವಕ್ಕೆದ್ದು ಉಣಕಲ್ಲ ಕೆರೆಯ ದಂಡೆಗೋ ಮನೆಗಳ ಹಿಂದಿನ ಬಯಲಿಗೋ ಹೋಗುತ್ತಾಳೆ. ಕೈಯಲ್ಲಿ ಇನ್ನೂರು ಪುಟದ ನೋಟುಬುಕ್ಕು, ಕೊರಳಲ್ಲಿ ಸೋದರಮಾವನಿಂದ ಎರವಲು ಪಡೆದ ದುರ್ಬೀನು. ಯಾವ ಹಕ್ಕಿ, ಎಷ್ಟು, ಎಲ್ಲಿ, ಏನು ಮಾಡುತ್ತಿತ್ತು ಎಂಬುದಷ್ಟೇ ಬರೆಹ. ಒಮ್ಮೆ ನಾನು ವಿಚಾರಿಸಿದಾಗ ಅವಳು ಹೇಳಿದ ಮಾತು ಇದು: “ಕಾಕಾ, ಇಲ್ಲಿ ಏನೂ ಇಲ್ಲ ಅಂತ ಎಲ್ಲಾರೂ ಅಂತಾರ. ಏನೇನ ಅದ ಅಂತ ಎಣಿಸಿ ನೋಡಿದವರು ಮಾತ್ರ ಯಾರೂ ಸಿಗವಲ್ಲರು.”

ಅವಳ ತಾಯಿಯ ಚಿಂತೆ ಬೇರೆ. “ಮಾಸ್ತರ್ರ, ಹಕ್ಕಿ ಎಣಿಸಿದ್ರ ಹೊಟ್ಟಿ ತುಂಬತದೇನ್ರಿ? ನೀವರ ಒಂದು ಮಾತು ಹೇಳ್ರಿ” ಎಂದು ನನ್ನನ್ನು ಕೇಳಿದರು. ಇದು ಹಗುರಾಗಿ ತಳ್ಳಿಹಾಕತಕ್ಕ ಪ್ರಶ್ನೆಯಲ್ಲ. ಒಬ್ಬರ ಸಂಬಳದಲ್ಲಿ ನಡೆಯುವ ಸಂಸಾರದಲ್ಲಿ ಮಗಳ ಓದು ಎಂದರೆ ಮನೆಯ ನಾಳೆಯ ಅನ್ನ. ನಾನು ಆ ತಾಯಿಗೆ ಉಪದೇಶ ಮಾಡಲಿಲ್ಲ. ಹಕ್ಕಿಯನ್ನು ಎಣಿಸಿದ ಒಬ್ಬರ ಬಾಳನ್ನು ಮಾತ್ರ ವಿವರಿಸಿದೆ. ಅದನ್ನೇ ಇಲ್ಲಿ ವಾಚಕರ ಮುಂದಿಡುತ್ತೇನೆ.

ಸೇತುರಾಮ ಗೋಪಾಲರಾವ್ ನೇಗಿನಹಾಳರು ಅರಣ್ಯ ಇಲಾಖೆಯ ಅಧಿಕಾರಿಗಳು. ಅವರ ಹೆಸರಿನಲ್ಲಿರುವ ನೇಗಿನಹಾಳ ನಮ್ಮ ನೆರೆಯ ಬೆಳಗಾವಿ ಜಿಲ್ಲೆಯ ಊರು. ಮರದ ದಿಮ್ಮಿಯ ಲೆಕ್ಕವೇ ಅರಣ್ಯಾಧಿಕಾರಿಯ ಮುಖ್ಯ ವಿದ್ಯೆಯೆನಿಸಿದ್ದ ಕಾಲದಲ್ಲಿ ಅವರು ಮರದ ಮೇಲಿನ ಗೂಡುಗಳ ಲೆಕ್ಕವನ್ನೂ ಇಟ್ಟರು. ೧೯೭೬ರಲ್ಲಿ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋದ ಅವರು, ಊರ ನಡುವಿನ ಹುಣಿಸೆ ಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ನೆಮ್ಮದಿಯಾಗಿ ಮರಿ ಮಾಡುತ್ತಿದ್ದುದನ್ನು ಸಮೀಕ್ಷಿಸಿ, ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ವರದಿ ಬರೆದರು. ಊರವರಿಗೆ ಆ ಹಕ್ಕಿಗಳು ಹೆರಿಗೆಗೆಂದು ತವರಿಗೆ ಬರುವ ಹೆಣ್ಣುಮಕ್ಕಳು. ಅವು ಹಾಕುವ ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರ. ಆದರೂ ಹುಣಿಸೆಯ ಫಸಲು ಕೈಬಿಟ್ಟುಹೋಗುವ ರೈತನ ನಷ್ಟ ನಷ್ಟವೇ. ಗೂಡಿರುವ ಮರದ ಒಡೆಯನಿಗೆ ಸರಕಾರ ಪರಿಹಾರಧನ ಕೊಡುವ ಕ್ರಮ ಆ ಊರಿನಲ್ಲಿ ಜಾರಿಗೆ ಬಂದುದು ಇಂಥ ತಿಳಿವಳಿಕೆಯಿಂದ. ಮುಂದೆ ಊರ ತರುಣರೇ ‘ಹೆಜ್ಜಾರ್ಲೆ ಬಳಗ’ ಕಟ್ಟಿ, ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿದರು. ೨೦೦೭ರಲ್ಲಿ ಆ ಊರು ಸಮುದಾಯ ಸಂರಕ್ಷಿತ ಪ್ರದೇಶವೆನಿಸಿತು. ಎಣಿಕೆಯಿಂದ ಆರಂಭವಾದದ್ದು ಊರಿನ ಅಭಿಮಾನವಾಗಿ ಬೆಳೆದ ಬಗೆ ಇದು.

ನಮ್ಮ ಸೀಮೆಗೆ ಇನ್ನೂ ಹತ್ತಿರವಾದದ್ದು ರಾಣಿಬೆನ್ನೂರಿನ ವಿಷಯ. ಆಗ ಧಾರವಾಡ ಜಿಲ್ಲೆಯಲ್ಲಿದ್ದು ಈಗ ಹಾವೇರಿಗೆ ಸೇರಿರುವ ಆ ತಾಲ್ಲೂಕಿನಲ್ಲಿ ೧೯೭೪ರಲ್ಲಿ ೧೧೯ ಚದರ ಕಿಲೋಮೀಟರಿನ ಕೃಷ್ಣಮೃಗ ಧಾಮ ಏರ್ಪಟ್ಟಿತು. ಚಿಗರಿಯ ಜತೆಗೆ ಅಲ್ಲಿ ಎರೆಭೂತವೂ ಇತ್ತು. ಹದಿನೈದು ಕಿಲೋದವರೆಗೂ ತೂಗುವ ಈ ಹಕ್ಕಿ ಹಾರಬಲ್ಲ ಹಕ್ಕಿಗಳಲ್ಲೆಲ್ಲ ಅತಿ ಭಾರದವುಗಳ ಸಾಲಿಗೆ ಸೇರಿದ್ದು. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ. ಅದೂ ಬರಿ ನೆಲದ ಮೇಲೆ. ತೋಳವನ್ನೋ ನಾಯಿಯನ್ನೋ ದೂರದಿಂದಲೇ ಕಂಡು ಸರಿದುಹೋಗುವುದೇ ಅದರ ರಕ್ಷಣೆಯಾದ್ದರಿಂದ, ಅದಕ್ಕೆ ದಿಗಂತದವರೆಗೆ ಕಣ್ಣು ಹಾಯುವ ಬಯಲು ಬೇಕು. ಆದರೆ ಅಲ್ಲಿಯ ಹುಲ್ಲುಗಾವಲಿನ ಬಹುಭಾಗಕ್ಕೆ ನೀಲಗಿರಿಯ ನೆಡುತೋಪು ಬಂದಿತು. ರಕ್ಷಣೆ ದೊರೆತುದರಿಂದ ಚಿಗರಿಗಳು ಹೆಚ್ಚಿದವು. ಮರಗಳು ಎದ್ದು ನಿಂತು ದೃಷ್ಟಿಯನ್ನು ಮರೆಮಾಡಿದುದರಿಂದ ಎರೆಭೂತ ಹಿಂದೆ ಸರಿಯಿತು. ನೆಡುತೋಪಿನಿಂದ ಆದ ಈ ಪರಿಣಾಮವನ್ನು ಅದೇ ಪತ್ರಿಕೆಯಲ್ಲಿ ಬರೆದವರು ನೇಗಿನಹಾಳರು. ಮರ ನೆಡುವುದೇ ಕಸುಬಾದ ಇಲಾಖೆಯ ಅಧಿಕಾರಿ, ಮರ ನೆಟ್ಟುದರಿಂದ ಏನಾಯಿತೆಂದು ಪರೀಕ್ಷಿಸಿ ಬರೆದದ್ದು ಸಣ್ಣ ಕೆಲಸವಲ್ಲ. ಇಂದು ರಾಣಿಬೆನ್ನೂರಿನಲ್ಲಿ ಎರೆಭೂತವಿಲ್ಲ. ಭಾರತದಲ್ಲೆಲ್ಲ ಕೂಡಿ ಕಾಡುಬಯಲಿನಲ್ಲಿ ಉಳಿದಿರುವ ಅವುಗಳ ಸಂಖ್ಯೆ ಇನ್ನೂರಕ್ಕಿಂತ ಕಡಿಮೆ. ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರಿನ ಕಡೆ. ನಮ್ಮ ಎರೆಭೂಮಿಯ ಹೆಸರನ್ನೇ ಹೊತ್ತ ಹಕ್ಕಿಗೆ ಎರೆಭೂಮಿಯೇ ಎರವಾಯಿತು.

ಇದನ್ನು ಬರೆದ ಅವರೇ ೧೯೮೦ರ ದಶಕದಲ್ಲಿ ಬೆಂಗಳೂರಿನ ಬೀದಿಬೀದಿಗಳಲ್ಲಿ ಸುಮಾರು ೧೫ ಲಕ್ಷ ಸಸಿಗಳನ್ನು ನೆಡಿಸಿದರು. ಇದರಲ್ಲಿ ವಿರೋಧವೇನೂ ಇಲ್ಲ. ಡಾಂಬರಿನ ಬೀದಿಗೆ ನೆರಳು ಬೇಕು. ಹುಲ್ಲುಗಾವಲಿಗೆ ಬಿಸಿಲು ಬೇಕು. ಯಾವ ನೆಲಕ್ಕೆ ಏನು ತಕ್ಕುದೆಂದು ಮೊದಲು ತಿಳಿಯುವುದೇ ಸಂರಕ್ಷಣೆಯ ಮೂಲಪಾಠ. ೨೦೨೧ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅವರು ನೆಡಿಸಿದ ಮರದ ನೆರಳಿನಲ್ಲಿ ನಡೆಯುವವರಲ್ಲಿ ಹಲವರಿಗೆ ಅವರ ಹೆಸರು ಗೊತ್ತಿರಲಾರದು.

ಇಲ್ಲಿಯೇ ಕತೆ ಹೇಳುವವರ ಅಗತ್ಯ ಕಾಣುವುದು. ವಿದ್ವತ್ಪತ್ರಿಕೆಯ ಲೇಖನವನ್ನು ಓದುವವರು ಕೆಲವರು. ನೆಲವನ್ನು ಉಳಿಸುವ ಅಥವಾ ಅಳಿಸುವ ಕೈಗಳು ಬೇರೆಯವರವು. ಆ ಎರಡು ದಂಡೆಗಳ ನಡುವೆ ಸೇತುವೆ ಕಟ್ಟಿದವರು ಕನ್ನಡದಲ್ಲಿ ವಿರಳರಲ್ಲ. ಶಿವರಾಮ ಕಾರಂತರು ಮಕ್ಕಳಿಗೆ ‘ಬಾಲಪ್ರಪಂಚ’ವನ್ನೂ ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’ವನ್ನೂ ಕೊಟ್ಟುದಲ್ಲದೆ, ಇಳಿವಯಸ್ಸಿನಲ್ಲಿ ಪರಿಸರದ ಪ್ರಶ್ನೆಯನ್ನೆತ್ತಿ ೧೯೮೯ರ ಲೋಕಸಭಾ ಚುನಾವಣೆಗೂ ನಿಂತರು. ಗೆಲ್ಲಲಿಲ್ಲ, ಆದರೆ ಪ್ರಶ್ನೆ ಉಳಿಯಿತು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ‘ಹಸುರು ಹೊನ್ನು’ ಎಂಬ ಗ್ರಂಥವಾಗಿಸಿದರು. ೧೯೭೮ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಮೂಡಿಗೆರೆಯ ತೋಟದಲ್ಲಿ ನೆಲೆಸಿದ ಪೂರ್ಣಚಂದ್ರ ತೇಜಸ್ವಿಯವರು ೧೯೮೦ರ ‘ಕರ್ವಾಲೊ’ ಕಾದಂಬರಿಯಲ್ಲಿ ಒಂದು ಹಾರುವ ಓತಿಯ ಹಿಂದೆ ಇಡೀ ನಾಡಿನ ಓದುಗರನ್ನು ಕರೆದೊಯ್ದರು. ಮೈಸೂರಿನ ಕೃಪಾಕರ-ಸೇನಾನಿಯವರು ಕಾಡುನಾಯಿಗಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ತೆಗೆದ ಚಿತ್ರಕ್ಕೆ ೨೦೧೦ರಲ್ಲಿ ಅಂತಾರಾಷ್ಟ್ರೀಯ ಪ್ರಶಸ್ತಿ ದೊರೆಯಿತು. ಕಾಡಂಚಿನ ಮನೆಗಳು ಸೌದೆಗಾಗಿ ಕಾಡಿಗೆ ಹೋಗಬೇಕಾಗದಂತೆ ಅಡುಗೆ ಅನಿಲವನ್ನು ಮುಟ್ಟಿಸುವ ಕೆಲಸವನ್ನೂ ಅವರು ಕೈಗೊಂಡರೆಂಬುದು ನನಗೆ ಪ್ರಶಸ್ತಿಗಿಂತ ಮಿಗಿಲಾಗಿ ತೋರುತ್ತದೆ. ಇವರಲ್ಲಿ ಯಾರೂ ಕತೆಗಾಗಿ ನಿಸರ್ಗವನ್ನು ನೋಡಲಿಲ್ಲ. ನೋಡಿದರು, ನೋಡಿದ್ದು ಕತೆಯಾಯಿತು.

ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ನಮ್ಮ ಪರಿಸರ ಸಾಹಿತ್ಯದಲ್ಲಿ ಮಲೆನಾಡಿಗೆ ದೊರೆತ ಸ್ಥಾನ ಬಯಲುಸೀಮೆಗೆ ದೊರೆತಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಸುತ್ತಲ ಹೊಲಗಳಲ್ಲಿ ಮೇಯುತ್ತವೆ. ೨೦೨೪ರಲ್ಲಿ ಆ ಕೆರೆ ರಾಮ್ಸಾರ್ ಒಪ್ಪಂದದ ಜಾಗತಿಕ ಪಟ್ಟಿಗೆ ಸೇರಿತು. ಆ ಹಕ್ಕಿಗಳನ್ನು ತಲೆಮಾರುಗಳಿಂದ ಕಂಡ ರೈತನ ಕತೆಯನ್ನು ಇನ್ನು ಯಾರಾದರೂ ಬರೆಯಬೇಕಾಗಿದೆ.

ತಾಯಿಯ ಪ್ರಶ್ನೆಗೆ ಇದೆಲ್ಲ ಪೂರ್ಣ ಉತ್ತರವಲ್ಲವೆಂದು ನಾನು ಬಲ್ಲೆ. ನೇಗಿನಹಾಳರಿಗೆ ಸರಕಾರದ ಸಂಬಳವಿತ್ತು; ತೇಜಸ್ವಿಯವರಿಗೆ ತೋಟವಿತ್ತು. ಬಾಡಿಗೆ ಮನೆಯ ಹುಡುಗಿಗೆ ದಾರಿ ಕಿರಿದು. ಆದರೆ ಮುಚ್ಚಿದ ದಾರಿಯಲ್ಲ. ೨೦೦೨ರ ಜೀವವೈವಿಧ್ಯ ಕಾಯಿದೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕೆಂದು ವಿಧಿಸಿದೆ. ತನ್ನ ಸರಹದ್ದಿನ ಗಿಡ, ಪ್ರಾಣಿ, ಬೀಜ, ಅವುಗಳ ಬಗೆಗಿನ ಜನರ ಅರಿವು ಇವೆಲ್ಲವನ್ನೂ ದಾಖಲಿಸುವುದು ಆ ಸಮಿತಿಯ ಹೊಣೆ. ಅಂಥ ದಾಖಲಾತಿಯನ್ನು ಯಾರು ತುಂಬಬೇಕು? ಊರನ್ನು ಕಾಲ್ನಡಿಗೆಯಲ್ಲಿ ಬಲ್ಲವರೇ ಅಲ್ಲವೆ? ಬಿ.ಎಸ್ಸಿ. ಮುಗಿಸಿ, ಅರಣ್ಯ ಸೇವೆಯ ಪರೀಕ್ಷೆಗೆ ಓದುತ್ತ, ನೋಟುಬುಕ್ಕನ್ನು ಬಿಡದೆ ಮುಂದುವರಿಸಬೇಕೆಂಬುದು ತಾಯಿ ಮಗಳ ನಡುವೆ ಆಗಿರುವ ಈಗಿನ ಒಪ್ಪಂದ.

ಕಳೆದ ಜೂನ್ ೫ರ ಪರಿಸರ ದಿನಕ್ಕೆ ಮನೆಗಳ ಹಿಂದಿನ ಬಯಲಿನಲ್ಲಿ ಸಸಿ ನೆಡಲು ಬೀದಿಯವರು ಕುಣಿ ತೋಡಿಸಲು ಹೊರಟಿದ್ದರು. ಅಲ್ಲಿ ಹರಳುಗಳ ನಡುವೆ ಹರಳಿನ ಬಣ್ಣದ್ದೇ ಆದ ನಾಲ್ಕು ಮೊಟ್ಟೆಗಳನ್ನಿಟ್ಟು ಟಿಟ್ಟಿಭ ಕಾವು ಕೂತಿತ್ತು. ಹುಡುಗಿ ಭಾಷಣ ಮಾಡಲಿಲ್ಲ. ಮಕ್ಕಳನ್ನು ದೂರದಲ್ಲಿ ನಿಲ್ಲಿಸಿ, ದುರ್ಬೀನನ್ನು ಒಬ್ಬೊಬ್ಬರ ಕೈಗೆ ಕೊಟ್ಟು, ಆ ಹಕ್ಕಿ ಯಾಕೆ ಮರದ ಮೇಲೆ ಗೂಡು ಕಟ್ಟುವುದಿಲ್ಲ, ನಾಯಿ ಬಂದರೆ ಹೇಗೆ ಕೂಗಿ ದಾರಿ ತಪ್ಪಿಸುತ್ತದೆ ಎಂದು ಹೇಳಿದಳು. ಮಕ್ಕಳು ಹಿರಿಯರಿಗೆ ಹೇಳಿದರು. ಸಸಿಗಳು ರಸ್ತೆಯ ಬದಿಗೆ ಹೋದವು. ಮಾರನೆಯ ವಾರದ ಮಳೆಗೆ ನಾಲ್ಕರಲ್ಲಿ ಎರಡು ಮೊಟ್ಟೆ ಹಾಳಾದವು, ಎರಡು ಮರಿಯಾದವು. ನೋಟುಬುಕ್ಕಿನಲ್ಲಿ ಅವಳು ಅಷ್ಟನ್ನೇ ಬರೆದಿದ್ದಾಳೆ: ತಾರೀಖು, ಮಳೆ, ಮೊಟ್ಟೆ ಎರಡು ನಷ್ಟ, ಮರಿ ಎರಡು.